ಅಜ್ಜ ನೋಡುತ್ತಿದ್ದ ನೀರು

ಬ್ರಹ್ಮಾವರದಲ್ಲಿ ಏಳು ವರ್ಷ ಕಾಲೇಜು ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟ ಮೇಲೆ ಆ ಕೆಲಸ ಬಿಟ್ಟೆ. ಕುಂದಾಪುರದಲ್ಲಿ ಹೊಲಿಗೆ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು, ಕೃತಕ ಬುದ್ಧಿಮತ್ತೆಯ ಸಲಹೆಗಾರ್ತಿ ಎಂದು ಬೋರ್ಡು ಹಾಕಿದೆ. ಆರು ತಿಂಗಳು ಮೆಟ್ಟಿಲು ಹತ್ತಿ ಬಂದವರೆಲ್ಲ ರವಿಕೆ ಅಳತೆ ಕೊಡುವವರೇ.

ಕೊನೆಗೆ ಬೈಂದೂರು ಕಡೆಯ ಮೀನು ಸಾಹುಕಾರರೊಬ್ಬರು ಬಂದರು. ದಡದಲ್ಲಿ ಕಂಬ ನೆಟ್ಟು ಕ್ಯಾಮೆರಾ ಇಟ್ಟಿದ್ದರಂತೆ. ನೀರಿನ ಚಿತ್ರ ನೋಡಿ, ಬಂಗುಡೆ ಮೀನಿನ ಹಿಂಡು ಬಂದಿದೆಯೋ ಇಲ್ಲವೋ ಎಂದು ಯಂತ್ರ ಹೇಳಬೇಕು. ಅದು ತಾನಾಗಿ ಹೇಳುವುದಿಲ್ಲ. ಮೊದಲು ಬಲ್ಲವರೊಬ್ಬರು ಸಾವಿರಾರು ಚಿತ್ರ ನೋಡಿ, ಒಂದೊಂದರ ಮುಂದೆ 'ಇದೆ', 'ಇಲ್ಲ' ಎಂದು ಬರೆದು ಕಲಿಸಬೇಕು. ನಾನೇ ಬರೆಯುತ್ತೇನೆ ಎಂದುಬಿಟ್ಟೆ. ನನ್ನ ತಾಯಿಯ ಅಪ್ಪ ಅದೇ ದಡದಲ್ಲಿ ನೀರು ನೋಡಿ ಮೀನಿನ ಹಿಂಡು ಗುರುತಿಸುವವರಾಗಿದ್ದರು.

ಸಾವಿರದ ಒಂಬೈನೂರ ತೊಂಬತ್ತೇಳರ ಹೊತ್ತಿಗೆ ನಾನು ರಜೆಗೆಲ್ಲ ಅಲ್ಲೇ ಇರುತ್ತಿದ್ದೆ. ಬೆಳಿಗ್ಗೆ ಅಜ್ಜ ಮರಳು ದಿಬ್ಬ ಹತ್ತಿ ನಿಲ್ಲುತ್ತಿದ್ದರು, ನಾವು ಮಕ್ಕಳು ಹಿಂದೆ. ಎಷ್ಟೋ ಹೊತ್ತು ನೀರು ನೋಡಿ, ಥಟ್ಟನೆ ಹೆಗಲ ಮೇಲಿನ ಬೈರಾಸು ಬೀಸುವರು. ಅವರು ಬೀಸಿದ ಕಡೆಗೆ ದೋಣಿ ಬಲೆ ಬಿಡುತ್ತಾ ಹೋಗುವುದು. ದಡದವರು ಹಗ್ಗ ಎಳೆಯುವುದು. ಕಡಲಿಗೆ ಹೊರಟವರನ್ನು ಏನೂ ಕೇಳಬಾರದು, ಕೇಳಿದರೆ ಬಲೆ ಬರಿದಾಗುತ್ತದೆ ಎಂದು ನಮ್ಮಲ್ಲಿ ಕಟ್ಟುನಿಟ್ಟು. ಅದರ ಮೇಲೆ, ಮೊದಲು ಓಡಿ ಹಗ್ಗ ಮುಟ್ಟಿದ ಮಗುವಿಗೆ ಒಂದು ಮೀನು ಹೆಚ್ಚು. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು, ಬೈರಾಸಿನ ಮೇಲೇ ಕಣ್ಣಿಟ್ಟು ನಿಲ್ಲುತ್ತಿದ್ದೆ. ಎಷ್ಟೋ ಸಲ ನಾನೇ ಮೊದಲು.

ಸಾಹುಕಾರರ ಮೊದಲ ಚಿತ್ರ ತೆರೆದ ದಿನವೇ ನನಗೆ ಅರ್ಥವಾಯಿತು. ಅಜ್ಜನ ಮಣಿಕಟ್ಟು ನೆನಪಿತ್ತು, ಬೈರಾಸಿನ ನೀಲಿ ಅಂಚು ನೆನಪಿತ್ತು. ಅವರು ನೋಡುತ್ತಿದ್ದ ನೀರನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮೂವತ್ತು ವರ್ಷ ಅವರ ಕೈಕೆಳಗೆ ಹಗ್ಗ ಎಳೆದ ಸೋದರಮಾವನ ಹತ್ತಿರ ಹೋದೆ. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಒಂದೊಂದೇ ಚಿತ್ರ ತೋರಿಸಿದೆ. ಮಾವ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಇದ್ರಲ್ ಎಂತ ಇತ್ತ್ ಹೆಣೆ? ನೀರ್."

ತಮಾಷೆ ಬೇಡ, ಅಜ್ಜ ಏನಾದರೂ ಹೇಳಿಯೇ ಇರುತ್ತಾರೆ ಎಂದೆ.

"ನಾವ್ ಹಗ್ಗ ಎಳೂವರ್. ಕಾಂಬ್ದ್ ಅವ್ರ್ ಒಬ್ರೇ."

"ಒಂದ್ ಸಲ ಆರೂ ಕೇಂಬುಕಾಗ್ಲಿಲ್ಯಾ ಮಾವ?"

"ನೀ ಕೇಂಡಿದ್ಯಾ?"

ಕೇಳಿರಲಿಲ್ಲ. ನಿಷೇಧ ಇದ್ದದ್ದು ಬೆಳಗಿಗೆ ಮಾತ್ರ. ಸಂಜೆ ಅಜ್ಜ ಅದೇ ಜಗಲಿಯಲ್ಲಿ ಕಾಲು ಚಾಚಿ, ಮುಂಬಯಿಗೆ ಓಡಿಹೋಗಿ ವಾರದಲ್ಲೇ ವಾಪಸು ಬಂದದ್ದು, ಯಕ್ಷಗಾನದ ಆಟದಲ್ಲಿ ಭಾಗವತರು ತೂಕಡಿಸಿದ್ದು, ಎಲ್ಲ ಹೇಳುತ್ತಿದ್ದರು. ನಾನು ಮಾತು ಕಲಿತದ್ದೇ ಅವರ ಬಾಯಿಂದ. ಇದೊಂದನ್ನು ಕೇಳಬಹುದೆಂದು ಹೊಳೆಯಲೇ ಇಲ್ಲ.

ಚಿತ್ರ ನೋಡಿ ನನಗೇನೂ ತಿಳಿಯುತ್ತಿಲ್ಲ ಎಂದು ಸಾಹುಕಾರರಿಗೆ ಫೋನು ಮಾಡಿದೆ. ಅವರಿಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ. "ಅಂದಾಜಿಗ್ ಬರೀನಿ ಮೇಡಂ. ನಿಮ್ಗ್ ರಕ್ತದಗೇ ಇತ್ತಲ್ದಾ," ಎಂದರು.

ಮೊದಲ ಕೆಲಸ ಕೈಬಿಡುವ ಮನಸ್ಸಿರಲಿಲ್ಲ. ಎರಡು ದಿನ ಅಂದಾಜಿಗೆ ಬರೆದೆ. ಯಂತ್ರ ಬೇಗ ಕಲಿತುಕೊಂಡಿತು. ಹೊಸ ಚಿತ್ರ ಕೊಟ್ಟರೆ 'ಇದೆ' ಎಂದು ತಡವರಿಸದೆ ಹೇಳತೊಡಗಿತು. ಅದು ಹೇಳುತ್ತಿದ್ದದ್ದು ನನ್ನ ಸುಳ್ಳನ್ನು, ಅದೂ ಅಜ್ಜ ನಿಂತಿದ್ದ ದಡದಲ್ಲಿ ನಿಂತು. ಎಲ್ಲ ಅಳಿಸಿ, ನನ್ನಿಂದ ಆಗುವುದಿಲ್ಲ ಎಂದು ಬರೆದು ಕಳಿಸಿದೆ. ಸಾಹುಕಾರರು ಬೈಯಲಿಲ್ಲ. ಕ್ಯಾಮೆರಾ ಬಿಚ್ಚಿ ಐಸ್ ಫ್ಯಾಕ್ಟರಿಯ ಗೇಟಿಗೆ ಹಾಕಿಸಿದರಂತೆ.

ಮತ್ತೆ ಕೆಲಸ ಸಿಕ್ಕಿದ್ದು ಬ್ರಹ್ಮಾವರದ ಹತ್ತಿರ, ಗೇರುಬೀಜದ ಕಾರ್ಖಾನೆಯಲ್ಲಿ. ತಿರುಳು ಆರಿಸುವುದನ್ನು ಯಂತ್ರಕ್ಕೆ ಕಲಿಸಬೇಕಿತ್ತು. ಮೊದಲ ದಿನವೇ ಆರಿಸುವ ಹೆಂಗಸರ ನಡುವೆ ಚಾಪೆಯ ಮೇಲೆ ಕೂತೆ. ಇದನ್ನು ಯಾಕೆ ಬದಿಗಿಟ್ಟಿರಿ, ಅದನ್ನು ಯಾಕೆ ಇಡಲಿಲ್ಲ ಎಂದು ಕೇಳಿ ಕೇಳಿ ಅವರ ತಲೆ ತಿಂದೆ.

"ಒಂದ್ ಬೀಜಕ್ಕೆ ನೂರ್ ಪ್ರಶ್ನಿ ಕೇಂತ್ರಿ. ನಮ್ಗ್ ಕೆಲ್ಸ ಇಲ್ಯಾ?" ಎಂದು ಹಿರಿಯಾಕೆಯೊಬ್ಬರು ಗದರಿದರು. ಗದರಿದವರೇ ಒಂದು ತಿರುಳನ್ನು ಬೆಳಕಿಗೆ ಹಿಡಿದು, ಅಂಚಿನ ಮಸುಕು ಗೆರೆ ತೋರಿಸಿ, ಅದು ಹೇಗೆ ಬರುತ್ತದೆ, ಎಷ್ಟಿದ್ದರೆ ನಡೆಯುತ್ತದೆ, ಎಲ್ಲ ಹೇಳಿದರು. ಯಾರೂ ಈವರೆಗೆ ಕೇಳಿರಲಿಲ್ಲವಂತೆ. ಕೇಳಿದ್ದರೆ ಅಜ್ಜನೂ ಇಷ್ಟೇ ಸುಲಭವಾಗಿ ಹೇಳುತ್ತಿದ್ದರೇನೋ. ತಲೆ ತಗ್ಗಿಸಿ ಬರೆದುಕೊಳ್ಳುತ್ತಾ ಹೋದೆ.