ಬ್ಯಾಟರಿ ಗಾಡಿಯ ದೃಷ್ಟಿಬೊಟ್ಟು

ಆ ಅಮಾವಾಸ್ಯೆಯ ಬೆಳಿಗ್ಗೆ ಶಹಾಪುರದ ಅಕ್ಕನ ಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಪಡಸಾಲೆಯಲ್ಲಿ ಶಾಲಾ ಗುಮಾಸ್ತರಾದ ಭಾವ, ಸಗರದಿಂದ ಬಂದಿದ್ದ ನಾನು, ಕಲಬುರಗಿಯಲ್ಲಿ ಸಂಶೋಧನೆ ಮಾಡುವ ನಮ್ಮಣ್ಣನ ಮಗಳು. ಒಳಗೆ ಒಲೆಯ ಮುಂದೆ ಅಕ್ಕ. ಅಂಗಳದಲ್ಲಿ ಭಾವನವರ ಹೊಸ ಬ್ಯಾಟರಿ ಸ್ಕೂಟರ್ ನಿಂತಿತ್ತು. ಆ ವಾರ ಮನೆಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಮರ್ಯಾದೆ ಅದಕ್ಕೇ.

ಹುಡುಗಿಯ ಕೈಯಲ್ಲಿ ಹೆಬ್ಬೆರಳಿನಷ್ಟು ಬಾಟಲಿ, ಒಳಗೆ ಕಪ್ಪು ಪುಡಿ. ಹೆಸರು ಗ್ರಾಫೀನ್, ಇದ್ದಿಲು-ಮಸಿಯ ಕುಲದ್ದೇ. ತಿಂಗಳುಗಟ್ಟಲೆ ತೊಳೆದು, ಸೋಸಿ, ಒಣಗಿಸಿ ಅಷ್ಟು ಮಾಡಿಕೊಂಡಿದ್ದಳು. ಮರುದಿನ ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಅದನ್ನು ಬ್ಯಾಟರಿಗೆ ಹಾಕಿ ನೋಡುವ ಪಾಳಿ ಸಿಕ್ಕಿತ್ತು. ಈ ಪಾಳಿ ತಪ್ಪಿದರೆ ವಿಷಯವನ್ನೇ ಬದಲಿಸು ಎಂದು ಅವಳ ಗೈಡ್ ಹೇಳಿದ್ದರು. ಮಧ್ಯಾಹ್ನ ಯಾದಗಿರಿಯಿಂದ ರೈಲು.

"ಏನೈತಿ ಅದರಾಗ?" ಎಂದರು ಭಾವ.

"ಹಾಳಿ ಮಾಮಾ. ಉದ್ದ ಐತಿ, ಅಗಲ ಐತಿ, ದಪ್ಪ ಇಲ್ಲಂತನ ತಿಳಕೋರಿ."

"ನಮ್ಮ ಓಣಿ ಡಾಂಬರ್ ರಸ್ತಿನೂ ಹಂಗೇ ಐತಿ. ಅದನ್ನ ಮಾಡಿದಾವಗ ಯಾರೂ ಡಾಕ್ಟರೇಟ್ ಕೊಡಲಿಲ್ಲ ನೋಡು."

ಹುಡುಗಿ ಸಿಟ್ಟಾಗಲಿಲ್ಲ. ಚಾರ್ಜ್ ಮಾಡುವಾಗ ಲಿಥಿಯಂ ಬಂದು ಈ ಹಾಳೆಗಳ ನಡುವೆ ಕೂಡುತ್ತದೆ, ಗಾಡಿ ಓಡುವಾಗ ಎದ್ದು ಹೋಗುತ್ತದೆ, ಹಾಳೆ ತೆಳುವಾದಷ್ಟೂ ಕೂಡಲು ಜಾಗ ಜಾಸ್ತಿ ಎಂದು ಬಿಡಿಸಿ ಹೇಳಿದಳು. ದಿನಾ ಸುರಪುರದ ಬಸ್ಸಿಗೆ ಓಡಾಡುವ ಭಾವನವರಿಗೆ ಥಟ್ಟನೆ ತಿಳಿಯಿತು. "ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡದಂಗ" ಎಂದರು. ನಾನೂ ದೊಡ್ಡ ಪಂಡಿತನಂತೆ ತಲೆಯಾಡಿಸಿದೆ. ಅಕ್ಕನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಒಲೆಯ ಮುಂದೆ ಕುಳಿತವರಿಗೆ ವಿಜ್ಞಾನ ಹೇಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಸ್ನಾನಕ್ಕೆ ಹೋಗುವಾಗ ಹುಡುಗಿ, ಯಾರ ಕೈಗೂ ಸಿಗಬಾರದೆಂದು ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟಳು. ಅಕ್ಕ ಕಾಡಿಗೆಯ ಪುಡಿ ಇಡುವುದೂ ಅದೇ ಗೂಡಿನಲ್ಲಿ, ಅಂಥದೇ ಬಾಟಲಿಯಲ್ಲಿ. ಸಂಶೋಧಕರ ಮುಂದಾಲೋಚನೆ ಅಂದರೆ ಹೀಗಿರಬೇಕು.

ನಮ್ಮ ಕಡೆ ಅಮಾವಾಸ್ಯೆಗೆ ಹೊಸ ಗಾಡಿಗೆ ದೃಷ್ಟಿಬೊಟ್ಟು ಇಡದೆ ಹೊರಗೆ ಬಿಡುವುದಿಲ್ಲ. ಅಕ್ಕ ಬಟ್ಟಲಿಗೆ ಆ ಪುಡಿ ಸುರಿದು, ಔಡಲೆಣ್ಣೆ ಬಿಟ್ಟು ಕಲಸಿದಳು. ಗಾಡಿಯ ಮೂತಿಗೊಂದು, ಬ್ಯಾಟರಿಯ ಮುಚ್ಚಳಕ್ಕೆ ಮೂರು. ಉಳಿದದ್ದನ್ನು ಎಮ್ಮೆಯ ಹಣೆಗೂ ತಲಬಾಗಿಲಿಗೂ ಧಾರಾಳವಾಗಿ ಬಳಿದಳು.

"ಈ ಸಲ ಕಾಡಿಗಿ ಭಾಳ ನುಣ್ಣಗ ಬಂದೈತಿ ಬಿಡಕ್ಕಾ" ಎಂದು ಹೊಗಳಿದವನು ನಾನೇ.

ಹುಡುಗಿ ಬಂದು ಗೂಡು ನೋಡಿದಳು, ಬಟ್ಟಲು ನೋಡಿದಳು, ಎಮ್ಮೆಯನ್ನು ನೋಡಿದಳು.

"ಅತ್ತಿ, ಅದು ಬ್ಯಾಟರಿಗೆ ಹಾಕೋದಿತ್ತು."

"ನಾನೂ ಬ್ಯಾಟರಿ ಗಾಡಿಗೇ ಹಚ್ಚೀನಲ್ಲವ್ವ."

ಭಾವ ನಗಲು ಬಾಯಿ ತೆರೆದವರು ಹುಡುಗಿಯ ಮುಖ ನೋಡಿ ಮುಚ್ಚಿಕೊಂಡರು. ವಿಷಯ ತಿಳಿದ ಮೇಲೆ ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಮೊದಲಽ ನನಗೊಂದು ಮಾತು ಹೇಳಬಾರದಿತ್ತೇನ್ರೋ" ಎಂದಳು. ಪಂಡಿತರಿಬ್ಬರೂ ಬಟ್ಟಲಿನ ತಳ ಕೆರೆದು ನೋಡಿದೆವು.

ಎಣ್ಣೆ ಬೆರೆತದ್ದು ಕೆಲಸಕ್ಕೆ ಬರುವುದಿಲ್ಲ ಎಂದಳು ಹುಡುಗಿ. ಬಾಟಲಿಯ ಗೋಡೆಗೆ ಅಂಟಿಕೊಂಡು ಒಂದು ಚಿಟಿಕೆ ಒಣ ಪುಡಿ ಉಳಿದಿತ್ತು. ಅದಕ್ಕೇ ಬಿಗಿಯಾಗಿ ಬಿರಡೆ ಹಾಕಿಕೊಂಡು ಹೊರಟಳು. ಯಾದಗಿರಿಯವರೆಗೆ ಭಾವನವರು ಬೊಟ್ಟಿಟ್ಟ ಗಾಡಿಯ ಮೇಲೆಯೇ ಕರೆದೊಯ್ದರು. ದಾರಿಯಲ್ಲಿ ಒಂದು ತಮಾಷೆಯನ್ನೂ ಮಾಡಲಿಲ್ಲವಂತೆ.

ಹೈದರಾಬಾದಿನಲ್ಲಿ ಅಂಗಿಯ ಗುಂಡಿಯಷ್ಟೇ ಇರುವ ಬ್ಯಾಟರಿ ಸೆಲ್ಲುಗಳನ್ನು ಐದು ಮಾಡಬೇಕೆಂದಿದ್ದಳು. ಆ ಚಿಟಿಕೆಯಲ್ಲಿ ಆದದ್ದು ಒಂದೇ. ಅದು ಚಾರ್ಜ್ ಹಿಡಿಯಿತು, ಮತ್ತೆ ಮತ್ತೆ ಹಿಡಿಯಿತು. ಗೈಡ್ ವಿಷಯ ಬದಲಿಸು ಎನ್ನಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅಕ್ಕ ದೀಪದ ಮೇಲೆ ತಾಮ್ರದ ತಟ್ಟೆ ಮುಚ್ಚಿ ಹೊಸ ಕಾಡಿಗೆ ಹಿಡಿದಳು. ಎಣ್ಣೆ ಸೋಕಿಸದೆ ಒಂದು ಬಾಟಲಿಗೆ ಕಂಠಮಟ್ಟ ತುಂಬಿ, ಕಲಬುರಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಹುಡುಗಿ ಅದನ್ನೂ ಒಂದು ಸೆಲ್ಲಿಗೆ ಹಾಕಿ ನೋಡಿದಳು. ಅದೂ ಒಂದಿಷ್ಟು ಚಾರ್ಜ್ ಹಿಡಿಯಿತಂತೆ.