ಏಣಿಯಣ್ಣನ ಇನ್ನೊಂದು ಕೈ

ಗೋಡೆಗೆ ಬಣ್ಣ ಬಳಿಯುವವರು ಜೋಡಿಯಾಗಿ ಕೆಲಸ ಮಾಡುತ್ತಾರೆ. ಒಬ್ಬ ಮೇಲೆ ಹತ್ತಿ ಬಳಿಯುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಏಣಿ ಹಿಡಿಯುತ್ತಾನೆ. ಈ ಕಥೆಯ ಜೋಡಿಯಲ್ಲಿ ಮೇಲೆ ಹತ್ತುವವನಿಗೆ ಬೀದಿಯವರು ಕುಂಚಣ್ಣ ಎಂದು ಹೆಸರಿಟ್ಟಿದ್ದರು, ಕೆಳಗೆ ನಿಲ್ಲುವವನಿಗೆ ಏಣಿಯಣ್ಣ. ಇಪ್ಪತ್ತೆರಡು ವರ್ಷ ಒಟ್ಟಿಗೆ ದುಡಿದರು. ಹೊಗಳಿಕೆಯೆಲ್ಲ ಕುಂಚಣ್ಣನ ಪಾಲಿಗೆ. ಏಣಿ ಹಿಡಿದವನನ್ನು ಯಾರು ಮೂಸಿ ನೋಡುತ್ತಾರೆ? ಏಣಿಯಣ್ಣನಿಗೆ ಅದರ ಬೇಸರವೇನೂ ಇರಲಿಲ್ಲ. "ನಾನು ಕೈ ಬಿಟ್ಟಾಗ ತಾನೇ ಎಲ್ರೂ ನನ್ನ ನೋಡೋದು," ಎಂದು ನಗುತ್ತಿದ್ದ. ಈಗ ಆ ಮಾತು ನೆನಪಾದರೆ ಅವನ ಬೆನ್ನು ಬೆವರುತ್ತದೆ.

ಹತ್ತು ತಿಂಗಳ ಹಿಂದೆ ಒಂದು ಎರಡು ಮಹಡಿಯ ಮನೆಗೆ ನೀಲಿ ಬಣ್ಣ ಬಳಿಯುತ್ತಿದ್ದರು. ಏಣಿಯಣ್ಣನ ಎಡಗೈಯಲ್ಲಿ ಹೊಸ ಗಡಿಯಾರವಿತ್ತು. ಮೇಲಿನಿಂದ ಒಂದು ಹನಿ ಬಣ್ಣ ಅದರ ಗಾಜಿನ ಮೇಲೆ ಬಿತ್ತು. ಒಣಗಿದರೆ ಹೋಗುವುದಿಲ್ಲವಲ್ಲ ಎಂದು ಬಲಗೈಯನ್ನು ಏಣಿಯಿಂದ ತೆಗೆದು ಹೆಬ್ಬೆರಳಲ್ಲಿ ಒರೆಸಲು ಹೋದ. ಅಷ್ಟೇ. ಎಡಗೈಯೊಳಗೆ ಏಣಿ ಒಮ್ಮೆ ನಡುಗಿತು, ಜಾರಿತು. ಅವನು ತಲೆಯೆತ್ತುವಷ್ಟರಲ್ಲಿ ಕುಂಚಣ್ಣ ನೆಲದ ಮೇಲಿದ್ದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಂಚಣ್ಣನ ಮಗಳು ಓಡಿ ಬಂದು ಏನಾಯಿತೆಂದು ಕೇಳಿದಳು. "ಎರಡೂ ಕೈಲಿ ಹಿಡ್ಕೊಂಡಿದ್ದೆ ಮಗಾ. ಆದ್ರೂ ಜಾರಿಬಿಡ್ತು," ಎಂದುಬಿಟ್ಟ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು. ಕುಂಚಣ್ಣ ಆ ಸಂಜೆಯೇ ತೀರಿಹೋದ. ಹುಡುಗಿ ಆ ಮಾತನ್ನು ಅಮ್ಮನಿಗೆ ಹೇಳಿದಳು, ನೆಂಟರಿಗೆ ಹೇಳಿದಳು, ಬಂದುಹೋಗುವ ಪ್ರತಿಯೊಬ್ಬರಿಗೂ ಹೇಳಿದಳು: ಚಿಕ್ಕಪ್ಪ ಎರಡೂ ಕೈಲಿ ಹಿಡಿದಿದ್ದರು, ಏನು ಮಾಡೋದು, ಹಣೆಬರಹ. ಸ್ವಂತ ಚಿಕ್ಕಪ್ಪನಲ್ಲದಿದ್ದರೂ ಅವಳು ಅವನನ್ನು ಮೊದಲಿನಿಂದಲೂ ಹಾಗೆಯೇ ಕರೆಯುತ್ತಿದ್ದಳು. ಬಾಯಲ್ಲಿಟ್ಟ ಬಿಸಿತುಪ್ಪದ ಹಾಗಾಯಿತು ಆ ಸುಳ್ಳು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಮೇಲೆ ಏಣಿಯಣ್ಣ ಏಣಿ ಮುಟ್ಟಲಿಲ್ಲ. ಬಣ್ಣದಂಗಡಿಯೊಂದರಲ್ಲಿ ಡಬ್ಬ ಕಲಕುವ ಕೆಲಸಕ್ಕೆ ಸೇರಿದ. ಆದರೆ ಏಣಿ ಅವನನ್ನು ಬಿಡಲಿಲ್ಲ. ಸುಮ್ಮನೆ ಕುಳಿತಾಗ ಎಡ ಅಂಗೈಯೊಳಗೆ ಅದೇ ನಡುಕ ಹುಟ್ಟುತ್ತಿತ್ತು. ಅವನು ಹತ್ತಿರ ಏನು ಸಿಕ್ಕರೂ, ಮೇಜಿನ ಕಾಲೋ ಬಾಗಿಲ ಚೌಕಟ್ಟೋ, ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. ಹಾಡಹಗಲಲ್ಲಿ ತಲೆಯ ಮೇಲೆ ಕುಂಚ ಸರಸರನೆ ಓಡುವ ಸದ್ದು ಕೇಳುತ್ತಿತ್ತು. ಮಣಿಕಟ್ಟಿನ ಮೇಲೆ ತಣ್ಣಗೆ ಒಂದು ಹನಿ ಬಿದ್ದಂತಾಗುತ್ತಿತ್ತು. ಮೇಲೆ ನೋಡಿದರೆ ಒಣ ಸೂರು. ಗಡಿಯಾರದ ಗಾಜಿನ ಮೇಲೆ ಅರ್ಧ ಒರೆಸಿದ ನೀಲಿ ಹಾಗೆಯೇ ಇತ್ತು. "ಅದನ್ನ ಕೆರೆದು ತೆಗೀಬಾರದಾ? ಗಂಟೆ ಎಷ್ಟು ಅಂತಲೂ ಕಾಣಲ್ಲ," ಎಂದು ಹೆಂಡತಿ ಗೊಣಗುತ್ತಿದ್ದಳು. ಇವನು ತೆಗೆಯಲಿಲ್ಲ. ಅದನ್ನು ಅಳಿಸಿದರೆ ಎರಡನೇ ಸುಳ್ಳು ಹೇಳಿದಂತೆ ಎಂದು ಅವನಿಗೆ ಅನಿಸುತ್ತಿತ್ತು.

ಒಂದು ದಿನ ಕುಂಚಣ್ಣನ ಮಗಳು ಅಂಗಡಿಗೆ ಬಂದಳು. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಮಧ್ಯಾಹ್ನ ತನ್ನ ಮನೆಯಲ್ಲಿ ಒಂದು ಆಟ ನಡೆಸುತ್ತಾಳೆ. ಮೇಜಿನ ಸುತ್ತ ಕೂತು ಆಡುವ ಆಟ. ಅವಳು ಕಥೆ ಹೇಳುತ್ತಾಳೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ನಡೆಯುತ್ತಾರೆ. ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುತ್ತದೆ.

"ಒಬ್ಬರು ಕಮ್ಮಿ ಇದಾರೆ. ಬನ್ನಿ ಚಿಕ್ಕಪ್ಪ. ಎಷ್ಟು ದಿನ ಅಂತ ಹೀಗೆ ಮಂಕಾಗಿ ಕೂತಿರ್ತೀರಾ?"

ಯಾರು ಯಾರನ್ನು ಸಮಾಧಾನ ಮಾಡಬೇಕಿತ್ತು, ಯಾರು ಮಾಡುತ್ತಿದ್ದಾರೆ! ಬರುವುದಿಲ್ಲ ಎನ್ನಲು ಅವನಿಗೆ ಮುಖವಿರಲಿಲ್ಲ.

ಮೊದಲ ಭಾನುವಾರವೆಲ್ಲ ಅವನ ಪಾತ್ರ ಕಟ್ಟುವುದರಲ್ಲೇ ಕಳೆಯಿತು. ಮೇಜಿನ ಸುತ್ತ ಇನ್ನಿಬ್ಬರಿದ್ದರು, ಒಬ್ಬ ಅಂಚೆಯವನು, ಇನ್ನೊಬ್ಬಳು ಔಷಧಿ ಅಂಗಡಿಯ ಹುಡುಗಿ. ಹಾಳೆಯ ಮೇಲೆ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮಾತಿನ ಮೋಡಿ ಎಂದು ಆರು ಮನೆಗಳು. ಏಣಿಯಣ್ಣ ತನಗೆ ಕೊಟ್ಟ ಅಂಕಗಳನ್ನು ಆರಕ್ಕೂ ಸಮವಾಗಿ ಹಂಚಿ ಕೈ ಕಟ್ಟಿ ಕುಳಿತ.

"ಇದೇನು ಮಕ್ಕಳಿಗೆ ಮಿಠಾಯಿ ಹಂಚೋದಾ ಚಿಕ್ಕಪ್ಪ?" ಕುಂಚಣ್ಣನ ಮಗಳು ನಕ್ಕಳು. "ನಿಮಗೆ ಕತ್ತಿ ಬೇಕಾ, ಮಂತ್ರ ಬೇಕಾ, ಅದನ್ನ ಹೇಳಿ ಮೊದಲು."

"ಎರಡೂ ಬೇಕು."

"ಎರಡು ದೋಣಿ ಮೇಲೆ ಕಾಲಿಡ್ತಾ ಇದೀರಿ," ಎಂದ ಅಂಚೆಯವನು. "ಮೊದಲ ಸಲಕ್ಕೆ ಕತ್ತಿ ಒಂದೇ ಸಾಕು. ಹೊಡಿ, ಬಡಿ, ಮನೆಗೆ ಹೋಗು."

"ಒಂದು ಕೈಗೆ ಕೆಲಸ ಇಲ್ದೆ ಹೋದ್ರೆ ಅದು ಏನೇನೋ ಮಾಡಿಬಿಡುತ್ತೆ," ಎಂದ ಏಣಿಯಣ್ಣ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಕತ್ತಿಗೆ ಬಲ ಬೇಕು, ಮಂತ್ರಕ್ಕೆ ಬುದ್ಧಿ ಬೇಕು. ಎರಡನ್ನೂ ನೆಚ್ಚಿದವನು ಏಟು ತಿನ್ನುವುದು ಜಾಸ್ತಿ, ಹಾಗಾಗಿ ತಾಳಿಕೆಯೂ ಬೇಕು. ಉಳಿದದ್ದರ ಮೇಲೆ ಆಸೆ ಬಿಡಬೇಕು. "ಮಾತಿನ ಮೋಡಿ ಕಮ್ಮಿ ಮಾಡೋಣ್ವಾ? ಸುಳ್ಳು ಹೇಳಿ ನಂಬಿಸೋಕೆ ಬೇಕಾಗೋದು ಅದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏಣಿಯಣ್ಣನ ಕಿವಿ ಬಿಸಿಯಾಯಿತು. "ಅದನ್ನ ಪೂರ್ತಿ ಕಮ್ಮಿ ಮಾಡಿಬಿಡು," ಎಂದ.

ಮಂತ್ರ ಆರಿಸುವ ಹೊತ್ತಿಗೆ ಅವನು ಕೇಳಿದ: "ಬೀಳ್ತಾ ಇರೋರನ್ನ ಹಿಡಿಯೋ ಮಂತ್ರ ಇದೆಯಾ?"

ಅವಳ ಪೆನ್ಸಿಲ್ ನಿಂತಿತು. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಕೊಳ್ಳಲು ತಲೆ ತಗ್ಗಿಸಿ ಬರೆದಳು. "ಇದೆ. ಬೀಳೋರು ಗರಿ ಹಾಗೆ ನಿಧಾನಕ್ಕೆ ಇಳೀತಾರೆ. ಆದ್ರೆ ಒಂದು ಕೈ ಖಾಲಿ ಇರ್ಬೇಕು. ಕತ್ತಿ ಹಿಡಿದೋರಿಗೆ ಗುರಾಣಿನೂ ಸಿಗುತ್ತೆ. ಬಲಗೈಲಿ ಕತ್ತಿ, ಎಡಗೈಲಿ ಗುರಾಣಿ ಅಂದ್ರೆ ಮಂತ್ರಕ್ಕೆ ಕೈ ಎಲ್ಲಿದೆ? ಗುರಾಣಿ ಬಿಟ್ಟುಬಿಡಿ."

ಎಡಗೈ ಖಾಲಿ ಎಂದು ಕೇಳಿದ್ದೇ ತಡ, ಅಂಗೈಯಲ್ಲಿ ನಡುಕ ಹತ್ತಿತು. ಮೇಜಿನ ಕೆಳಗೆ ಅದರ ಕಾಲನ್ನು ಹಿಡಿದುಕೊಂಡ. "ಗುರಾಣಿ ಇರ್ಲಿ ಮಗಾ. ಬೇಕಾದಾಗ ಕೆಳಗಿಡ್ತೀನಿ."

"ಇಟ್ಟಿದೀನಿ ಅಂತ ಮೊದಲೇ ಹೇಳ್ಬೇಕು. ಬಿದ್ದ ಮೇಲೆ ಹೇಳಿದ್ರೆ ನಡೆಯಲ್ಲ."

ಮೂರನೇ ಭಾನುವಾರ ಅವರ ಕಥೆ ಒಂದು ಪಾಳು ಗೋಪುರದ ಬಳಿಗೆ ಬಂತು. ಔಷಧಿ ಅಂಗಡಿಯ ಹುಡುಗಿಯ ಪಾತ್ರ ಒಬ್ಬ ಕಳ್ಳಿ. ಗೋಡೆ ಹತ್ತುವುದು ಅವಳ ಕೆಲಸ. ಕತ್ತಿ ಗುರಾಣಿ ಹಿಡಿದು ಕೆಳಗೆ ಕಾವಲು ನಿಂತವನು ಏಣಿಯಣ್ಣ. ಬೇರೆಲ್ಲಿ ನಿಲ್ಲುತ್ತಾನೆ? ಹುಡುಗಿ ದಾಳ ಹಾಕಿದಳು. ಒಂದು ಬಿತ್ತು. ಅದಕ್ಕಿಂತ ಕೆಟ್ಟದ್ದಿಲ್ಲ.

"ಕಲ್ಲು ಕಿತ್ತುಬಂತು," ಎಂದಳು ಮಗಳು. "ಕಳ್ಳಿ ಬೀಳ್ತಾ ಇದಾಳೆ. ಚಿಕ್ಕಪ್ಪ, ನಿಮ್ಮ ಮಂತ್ರ! ನಿಮ್ಮ ಇನ್ನೊಂದು ಕೈಲಿ ಏನಿದೆ?"

ತಲೆಯ ಮೇಲೆ ಕುಂಚ ಸರಸರ ಓಡಿತು. ಮಣಿಕಟ್ಟಿನ ಮೇಲೆ ಹನಿ ಬಿತ್ತು. ಏಣಿಯಣ್ಣ ಮೇಜಿನ ಅಂಚನ್ನು ಹಿಡಿದುಕೊಂಡ.

"ಖಾಲಿ ಇತ್ತು ಅಂದುಬಿಡಿ," ಅಂಚೆಯವನು ಪಿಸುಗುಟ್ಟಿದ. "ಆಟ ತಾನೇ."

"ಹೂಂ ಅಂಕಲ್, ಖಾಲಿ ಇತ್ತು ಅನ್ನಿ," ಎಂದಳು ಹುಡುಗಿ.

ಮಗಳೂ ಮುಗುಳ್ನಕ್ಕಳು. "ನಾನು ಒಪ್ಕೊತೀನಿ. ನೀವು ಹೇಳಿದ್ರೆ ಸಾಕು. ಖಾಲಿ ಇತ್ತಾ?"

ಎಷ್ಟು ಸುಲಭ! ಆ ದಿನವೂ ಹೀಗೆಯೇ ಇತ್ತು. ಕೇಳಿದವಳೂ ಇವಳೇ, ನಂಬಲು ಸಿದ್ಧಳಾಗಿದ್ದವಳೂ ಇವಳೇ.

"ಇಲ್ಲ," ಎಂದ ಏಣಿಯಣ್ಣ. "ಆ ದಿನ ಎರಡೂ ಕೈಲಿ ಹಿಡಿದಿರಲಿಲ್ಲ ಮಗಾ. ಬಲಗೈ ಬಿಟ್ಟಿದ್ದೆ. ನಿಮ್ಮಪ್ಪನ ಏಣಿ."

ಅಂಚೆಯವನು ಕಿಟಕಿಯ ಕಡೆ ತಿರುಗಿದ. ಮಗಳ ಮುಖದ ನಗು ಹೋಗುವುದನ್ನೇ ಮರೆತು ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಯಾಕೆ?"

"ಗಡಿಯಾರದ ಮೇಲೆ ಬಣ್ಣ ಬಿತ್ತು. ಒರೆಸೋಕೆ."

ಅವಳು ಅವನ ಮಣಿಕಟ್ಟನ್ನು ಹಿಡಿದು ಗಾಜಿನ ಮೇಲಿನ ನೀಲಿಯನ್ನು ನೋಡಿದಳು. ಅವಳ ಉಗುರು ಚರ್ಮಕ್ಕೆ ಒತ್ತಿತ್ತು. ಆಮೇಲೆ ಕೊಳಕಾದದ್ದನ್ನು ಬಿಡುವ ಹಾಗೆ ಬಿಟ್ಟಳು. ಏಣಿಯಣ್ಣ ಏಳಲು ಹೋದ.

"ಕೂತ್ಕೊಳ್ಳಿ," ಎಂದಳು. ದನಿ ಅವಳದಾಗಿರಲಿಲ್ಲ. "ಕಳ್ಳಿ ಇನ್ನೂ ಬೀಳ್ತಾನೇ ಇದಾಳೆ. ಏಟು ಎಷ್ಟು ಅಂತ ನೀವೇ ಹಾಕಿ."

ಎರಡು ದಾಳಗಳನ್ನು ಅವನ ಮುಂದೆ ತಳ್ಳಿದಳು. ಅವನು ಹಾಕಿದ. ಹನ್ನೊಂದು. ಕಳ್ಳಿಯಲ್ಲಿ ಉಳಿದಿದ್ದ ಜೀವ ಎಂಟೇ ಅಂಕ. ಹುಡುಗಿ ತನ್ನ ಹಾಳೆಯ ಮೇಲೆ ಅಡ್ಡಗೆರೆ ಎಳೆದಳು.

"ಅಮ್ಮ ಅಡುಗೆಮನೆಯಲ್ಲಿದಾಳೆ," ಎಂದಳು ಮಗಳು. "ಹತ್ತು ತಿಂಗಳಿಂದ ಅವಳಿಗೆ ನಾನು ಹೇಳ್ತಾ ಬಂದಿದೀನಿ, ಚಿಕ್ಕಪ್ಪ ಎರಡೂ ಕೈಲಿ ಹಿಡಿದಿದ್ರು ಅಂತ. ಇದನ್ನ ನಾನು ಹೇಳಲ್ಲ. ನೀವೇ ಹೋಗಿ ಹೇಳಿ." ಕ್ಷಮಿಸಿದೆ ಎನ್ನಲಿಲ್ಲ, ಹಾಳಾಗಿ ಹೋಗಿ ಎಂದೂ ಅನ್ನಲಿಲ್ಲ. ಮುಖ ಮುಚ್ಚಿಕೊಂಡು ಕುಳಿತಳು.

ಹಜಾರದಿಂದ ಅಡುಗೆಮನೆಗೆ ಎಂಟು ಹೆಜ್ಜೆ. ಕುಂಚಣ್ಣನ ಹೆಂಡತಿ ಒಂದು ಕುಂಟು ಸ್ಟೂಲನ್ನು ಅಟ್ಟದ ಕೆಳಗೆ ಎಳೆದುಕೊಂಡು, ಸೆರಗು ಸಿಕ್ಕಿಸುತ್ತಿದ್ದಳು. ಏಣಿಯಣ್ಣ ಬಾಯಿ ತೆರೆಯುವ ಮೊದಲೇ ಅವಳ ಮುಖ ಅರಳಿತು.

"ಒಳ್ಳೇ ಹೊತ್ತಿಗೆ ಬಂದ್ರಿ. ಆ ಸಕ್ಕರೆ ಡಬ್ಬ ತೆಗೀಬೇಕು. ಇದನ್ನ ಸ್ವಲ್ಪ ಹಿಡ್ಕೊಳ್ಳಿ. ಬೇರೆಯವರು ಹಿಡಿದ್ರೆ ನನಗೆ ಭಯ. ನೀವಾದ್ರೆ ಧೈರ್ಯ."

"ಬೇಡ ಅತ್ತಿಗೆ, ನಾನೇ..." ಎನ್ನುವಷ್ಟರಲ್ಲಿ ಅವಳು ಹತ್ತಿಯೇಬಿಟ್ಟಿದ್ದಳು. ಸ್ಟೂಲು ನಡುಗಿತು. ಅದೇ ನಡುಕ. ಏಣಿಯಣ್ಣ ಮಂಡಿಯೂರಿ ಎರಡೂ ಕೈಯಲ್ಲಿ ಹಿಡಿದ. ಮೇಲೆ ಡಬ್ಬಗಳ ಸದ್ದು. ಮಣಿಕಟ್ಟಿನ ಮೇಲೆ ತಣ್ಣನೆಯ ಹನಿ ಬಿತ್ತು, ಇನ್ನೊಂದು ಬಿತ್ತು. ಅವನು ಕಣ್ಣು ಹಾಯಿಸಲೂ ಇಲ್ಲ. ಅವಳ ಒಂದು ಪಾದ ನೆಲಕ್ಕೆ ಬಂತು, ಎರಡನೆಯದೂ ಬಂತು. ಡಬ್ಬ ಕಟ್ಟೆಯ ಮೇಲೆ ಕೂತಿತು. ಆಗ ಅವನು ಕೈ ಬಿಟ್ಟ, ಗಡಿಯಾರ ಬಿಚ್ಚಿ ಡಬ್ಬದ ಪಕ್ಕದಲ್ಲಿಟ್ಟ.

"ಅತ್ತಿಗೆ," ಎಂದ, "ನನ್ನನ್ನ ನೆಚ್ಚಿ ಧೈರ್ಯ ಮಾಡಬೇಡಿ. ಆ ದಿನ ನಾನು ಒಂದೇ ಕೈಲಿ ಹಿಡಿದಿದ್ದೆ."