ಅಕ್ಕನ ಹಸಿರು ಜಾಗ

ಅಕ್ಕನ ತೋರುಬೆರಳು ತುದಿಯಲ್ಲಿ ಸೊಟ್ಟ. ಮೌಸ್ ಒತ್ತಿ ಒತ್ತಿಯೇ ಹಾಗಾದದ್ದೆಂದು ಗೇಲಿ ಮಾಡುತ್ತಿದ್ದೆ. ನಾಯ್ಮಾರ್ಮೂಲೆಯ ಬೇಕರಿಯ ಮೇಲಿನ ಕೋಣೆಯಲ್ಲಿ ನಮ್ಮ ಕೇಬಲ್ ಚಾನೆಲಿನ ಸರ್ವರ್ ನೋಡಿಕೊಳ್ಳುತ್ತಿದ್ದವಳು ಅವಳು. ನನಗೆ ಕೆಲಸ ಕಲಿಸಿದವಳೂ ಅವಳೇ; ಒಡಹುಟ್ಟಿದವಳಲ್ಲ, ಆದರೂ ನನಗೆ ಅಕ್ಕ. ಊರಿನ ಮದುವೆ, ಸಭೆ, ಭಾಷಣಗಳ ವಿಡಿಯೊಗಳಿಂದ ಡಿಸ್ಕ್ ಸದಾ ತುಂಬಿರುತ್ತಿತ್ತು.

ಡಿಸ್ಕಿನಲ್ಲಿ ಎಷ್ಟು ಜಾಗ ಉಂಟೆಂದು ನೋಡಲು ಅಕ್ಕನಿಗೆ ಬಣ್ಣದ ಚಿತ್ರವೇ ಆಗಬೇಕು. ತುಂಬಿದ ಜಾಗ ಹಳದಿ, ಖಾಲಿ ಜಾಗ ಹಸಿರು. ನಾನು ಕಪ್ಪು ತೆರೆಯಲ್ಲಿ ಕಮಾಂಡ್ ಟೈಪ್ ಮಾಡುವುದು ಕಂಡರೆ, ಅಮಾವಾಸ್ಯೆಯಲ್ಲಿ ಎಂತ ಹುಡುಕುತ್ತೀ ಎನ್ನುತ್ತಿದ್ದಳು.

ಹಾಳು ಸಕ್ಕರೆ ಕಾಯಿಲೆ ಅವಳ ಕಣ್ಣಿಗೇ ಇಳಿಯಿತು. ಹಳದಿ, ಹಸಿರು ಕಲಸಿಹೋದವು. ಗೊತ್ತಾದರೆ ಮನೆಯಲ್ಲಿ ಕೂರಿಸುತ್ತಾರೆಂಬ ಹೆದರಿಕೆ. ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. ಒಂದು ದಿನ ಬಾಗಿಲು ಹಾಕಿ ಬಂದಳು.

"ನಿನ್ನ ಅಮಾವಾಸ್ಯೆ ನನಗೂ ಕಲಿಸು ಮಾರಾಯ. ಯಾರಿಗೂ ಹೇಳಬೇಡ."

ಹಿಂದೆ ಟೈಪಿಂಗ್ ಕಲಿತ ಬೆರಳುಗಳಿಗೆ ಕಣ್ಣು ಬೇಕಾಗಲಿಲ್ಲ. ಅವಳು ಟೈಪ್ ಮಾಡುವಳು, ಉತ್ತರವನ್ನು ನಾನು ಮೆಲ್ಲಗೆ ಓದುವೆ. ಏನನ್ನು ಅಳಿಸುವುದಿದ್ದರೂ ಫೋಲ್ಡರಿನ ಹೆಸರು ಎರಡು ಸಲ ಓದಬೇಕು, ಅವಳು ಹೂಂ ಎನ್ನಬೇಕು, ಆಮೇಲೆಯೇ ಎಂಟರ್. ಅವಳಿಗೆ ತೆರೆ ಕಾಣುವುದಿಲ್ಲವೆಂದು ಹಿಂದೆ ನಿಂತ ಚಾನೆಲಿನ ಧಣಿಗೂ ಗೊತ್ತಾಗಲಿಲ್ಲ.

ಆದರೆ ಅವಳು ತೆರೆಗೆ ಬಗ್ಗುವುದನ್ನು ಅವರು ಕಂಡಿದ್ದರು. ಒಳ್ಳೆಯ ಮನುಷ್ಯ. ದೊಡ್ಡ ತೆರೆಯ ಹೊಸ ಯಂತ್ರ ತರಿಸಿದರು. ಎಲ್ಲವೂ ಚಿತ್ರ, ಎಲ್ಲವೂ ಮೌಸ್; ಕಮಾಂಡ್ ಬರೆಯಲು ಅದರಲ್ಲಿ ಜಾಗವೇ ಇಲ್ಲ. ಅಕ್ಕನಿಗೆ ಇನ್ನು ಕಷ್ಟವಿಲ್ಲವೆಂದು ಖುಷಿಯಿಂದ ಹೇಳಿದರು. ಅಕ್ಕ ಮೌಸಿನ ಮೇಲೆ ಅಂಗೈ ಇಟ್ಟಳು.

"ಚಂದ ಉಂಟು," ಎಂದಳು.

ಧಣಿಗೆ ನಿಜ ಹೇಳಿಬಿಡುತ್ತೇನೆಂದು ಮೆಟ್ಟಿಲಲ್ಲಿ ನಾನು ಹಟ ಹಿಡಿದಾಗ ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ಬೇಡ. ಪ್ರೀತಿಯಲ್ಲಿ ತಂದಿದ್ದಾರೆ."

ಮರುವಾರ ಅವಳು ಕೆಲಸಕ್ಕೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಕಾರಡ್ಕದ ಅವಳ ಮನೆಗೆ ಕೊನೆಯ ಸಲ ಹೋದಾಗ ಕಾಯಿಲೆ ಏರಿ ಹಾಸಿಗೆ ಹಿಡಿದಿದ್ದಳು. ನನ್ನ ಸ್ವರ ಕೇಳಿದ್ದೇ, "ಎಷ್ಟು ಜಾಗ ಉಂಟು, ಓದು," ಎಂದಳು. ಎಂತ ಓದುವುದು? ಬಾಯಿಗೆ ಬಂದ ಅಂಕಿಗಳನ್ನು ಹೇಳಿದೆ. ಚಾದರದ ಮೇಲೆ ಅವಳ ಬೆರಳುಗಳು ಟೈಪ್ ಮಾಡುತ್ತಿದ್ದವು. ಬಸ್ಸಿನಲ್ಲಿ ನಾಚಿಕೆ ಬಿಟ್ಟು ಅತ್ತೆ. ಆ ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು.

ಈಗಲೂ ಅಳಿಸುವ ಮೊದಲು ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದುತ್ತೇನೆ. ಹೊಸಬರು ನಗುತ್ತಾರೆ. ನಗಲಿ. ಪಕ್ಕದ ಕುರ್ಚಿಯಿಂದ ಹೂಂ ಬರಲೆಂದು ನನ್ನ ಕೈ ಇನ್ನೂ ಸ್ವಲ್ಪ ಹೊತ್ತು ಕಾಯುತ್ತದೆ.